ಧ್ರುವಯಾನದ ಹಳೆಯ ಪುಸ್ತಕ, ಸ್ಮರಣಿಕೆ ಸಂಗ್ರಹ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಧ್ರುವಯಾನದ ಹಳೆಯ ಪುಸ್ತಕ ಕೊಳ್ಳಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. "ಮೊದಲ ಮುದ್ರಣ" ಎಂಬ ಮಾತನ್ನು ನಂಬಿ ದುಡ್ಡು ಕೊಡುತ್ತಾರೆ. ಪಾರ್ಸೆಲ್ ಬಿಚ್ಚಿದ ಮೇಲೆ ನೋಡಿದರೆ ಹಿಂದಿನ ರಟ್ಟಿನ ಜೇಬಿನಲ್ಲಿ ನಕ್ಷೆ ಇರುವುದಿಲ್ಲ. ಅಥವಾ ಎರಡನೇ ಸಂಪುಟ ಬೇರೆ ಮುದ್ರಣದ್ದಾಗಿರುತ್ತದೆ. ಅಥವಾ ಸಹಿಯನ್ನು ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿರುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಅವನ್ನು ಕೇಳಬೇಕಾಗಿದ್ದದ್ದು ಕೊಳ್ಳುವ ಮೊದಲು, ಅಲ್ವಾ?

ಇಲ್ಲಿ ಸೋಲುವುದಕ್ಕೆ ಹಣದ ಕೊರತೆ ಕಾರಣವಲ್ಲ. ಕೆಲಸದ ಕ್ರಮ ತಪ್ಪುವುದೇ ಕಾರಣ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಹಣ ಕೊಡುವ ಮಾತು ಏಳನೇ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ಜೇಬಿಗೆ ಕೈ ಹಾಕಬೇಡಿ. ಸಹಿ, ಪದಕ, ಫೋಟೋದಂಥ ವಸ್ತುವಾದರೆ ಹಣ ಕೊಡುವ ಮೊದಲೇ ಎಂಟು, ಒಂಬತ್ತನೇ ಹಂತಗಳನ್ನೂ ಮುಗಿಸಿ.

## ಹಂತ 1: ಏನು ಬೇಡ ಎಂದು ಮೊದಲು ತೀರ್ಮಾನಿಸಿ

"ಧ್ರುವಯಾನ" ಎಂದರೆ ತುಂಬಾ ದೊಡ್ಡ ಕ್ಷೇತ್ರ. ಉತ್ತರ ಧ್ರುವದ ಕಡೆ ಪ್ಯಾರಿ, ಫ್ರಾಂಕ್ಲಿನ್, ನಾನ್ಸೆನ್ ಇದ್ದಾರೆ. ದಕ್ಷಿಣದ ಕಡೆ ಜೇಮ್ಸ್ ಕ್ಲಾರ್ಕ್ ರಾಸ್, ಸ್ಕಾಟ್, ಅಮುಂಡ್ಸೆನ್, ಶಾಕಲ್ಟನ್, ಮಾಸನ್ ಇದ್ದಾರೆ. ಎಲ್ಲವನ್ನೂ ಕೊಳ್ಳಲು ಹೊರಟರೆ ಯಾವುದನ್ನೂ ಸರಿಯಾಗಿ ತಿಳಿದುಕೊಳ್ಳಲು ಆಗುವುದಿಲ್ಲ. ಒಂದು ಯಾನ, ಒಬ್ಬ ವ್ಯಕ್ತಿ ಅಥವಾ ಒಂದೇ ಬಗೆಯ ವಸ್ತು ಆರಿಸಿಕೊಳ್ಳಿ. ಉದಾಹರಣೆಗೆ 1910ರಲ್ಲಿ ಹೊರಟ ಸ್ಕಾಟ್‌ನ ಟೆರಾ ನೋವಾ ಯಾನ ಮಾತ್ರ. ಅಥವಾ 1845ರಲ್ಲಿ ಹೊರಟು ಕಾಣೆಯಾದ ಫ್ರಾಂಕ್ಲಿನ್‌ನನ್ನು ಹುಡುಕಿ ಹೋದವರ ಬರಹಗಳು ಮಾತ್ರ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ದೊಡ್ಡ ಹೆಸರುಗಳ ಹಿಂದೆ ಬೀಳಬೇಡಿ. ಯಾನದಲ್ಲಿದ್ದ ವೈದ್ಯ, ಭೂವಿಜ್ಞಾನಿ, ನಾವಿಕರ ಪುಸ್ತಕಗಳು, ಉಪನ್ಯಾಸದ ಕಾರ್ಯಕ್ರಮ ಪಟ್ಟಿಗಳು, ಸಿಗರೇಟ್ ಪ್ಯಾಕಿನ ಜೊತೆ ಬರುತ್ತಿದ್ದ ಚಿತ್ರಕಾರ್ಡುಗಳು ಇವೆಲ್ಲ ಒಳ್ಳೆಯ ಆರಂಭ. ಪ್ಲೇಯರ್ಸ್ ಕಂಪನಿ ಮೊದಲ ಮಹಾಯುದ್ಧದ ಸಮಯದಲ್ಲಿ 25 ಕಾರ್ಡುಗಳ ಎರಡು ಧ್ರುವಯಾನ ಸರಣಿ ತಂದಿತ್ತು. ಇಂಥ ಕಾರ್ಡುಗಳನ್ನು ನೋಡುತ್ತಾ ಹೋದರೆ ಹಳೆಯ ಮುದ್ರಣಕ್ಕೂ ಮರುಮುದ್ರಣಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಅಭ್ಯಾಸವಾಗುತ್ತದೆ. ತಪ್ಪಾದರೂ ನಷ್ಟ ಸಣ್ಣದು.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ದೊಡ್ಡ ಪಟ್ಟಿಯೇನೂ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಳತೆಪಟ್ಟಿ, ಸಣ್ಣ ಟಾರ್ಚ್, 365 ನ್ಯಾನೋಮೀಟರ್‌ನ ಅಲ್ಟ್ರಾವಯಲೆಟ್ ಟಾರ್ಚ್, ಮೆತ್ತನೆಯ ಪೆನ್ಸಿಲ್, ನೋಟ್‌ಬುಕ್. ಪುಸ್ತಕ ತೆರೆದಿಡಲು ಫೋಮಿನ ಎರಡು ಇಳಿಜಾರು ತುಂಡುಗಳಿದ್ದರೆ ಬೆನ್ನು ಬಿರುಕು ಬಿಡುವುದಿಲ್ಲ. ಪೆನ್ನನ್ನು ಮೇಜಿನ ಹತ್ತಿರವೂ ತರಬೇಡಿ.

ಬಿಳಿ ಹತ್ತಿಯ ಕೈಗವಸು ಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಪುಸ್ತಕಕ್ಕೆ ಬೇಡ. ಗವಸು ಹಾಕಿಕೊಂಡರೆ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಹಾಳೆ ಹರಿಯುತ್ತದೆ. ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಕೈ ಸಾಕು. ಫೋಟೋ ಮತ್ತು ಲೋಹದ ಪದಕಗಳಿಗೆ ಮಾತ್ರ ಗವಸು ಬೇಕು, ಅದೂ ನೈಟ್ರೈಲ್‌ನದು.

## ಹಂತ 3: ಪುಸ್ತಕಕ್ಕಿಂತ ಮೊದಲು ಗ್ರಂಥಸೂಚಿ ತನ್ನಿ

ಹೊಸಬರು ಬಿಟ್ಟುಬಿಡುವುದು ಇದನ್ನೇ. ಗ್ರಂಥಸೂಚಿ ಎಂದರೆ ಒಂದು ಪುಸ್ತಕದ ಸರಿಯಾದ ಪ್ರತಿ ಹೇಗಿರಬೇಕು ಎಂದು ಹೇಳುವ ಪುಸ್ತಕ. ಎಷ್ಟು ಪುಟ, ಎಷ್ಟು ಚಿತ್ರ, ಎಷ್ಟು ನಕ್ಷೆ, ಬಟ್ಟೆಯ ಬಣ್ಣ ಯಾವುದು, ತಿದ್ದುಪಡಿ ಚೀಟಿ ಇತ್ತೇ ಇಲ್ಲವೇ, ಎಲ್ಲ ಅದರಲ್ಲಿರುತ್ತದೆ. ಅಂಟಾರ್ಕ್ಟಿಕಾ ವಿಷಯಕ್ಕೆ ಸಿಡ್ನಿ ಸ್ಪೆನ್ಸ್ ಅವರದು ಮತ್ತು 1772ರಿಂದ 1922ರವರೆಗಿನ ಅವಧಿಗೆ ಮೈಕಲ್ ರೋಸೋವ್ ಅವರದು ಬಳಕೆಯಲ್ಲಿವೆ. ವ್ಯಾಪಾರಿಗಳ ಕ್ಯಾಟಲಾಗ್‌ನಲ್ಲಿ "ಸ್ಪೆನ್ಸ್" ಅಥವಾ "ರೋಸೋವ್" ಎಂಬ ಹೆಸರಿನ ಮುಂದೆ ಒಂದು ಅಂಕಿ ಇದ್ದರೆ ಅದು ಆ ಸೂಚಿಯಲ್ಲಿರುವ ನಮೂದಿನ ಸಂಖ್ಯೆ.

ಗ್ರಂಥಸೂಚಿಗಳೂ ಅಗ್ಗವಲ್ಲ. ಕೊಳ್ಳಲು ಆಗದಿದ್ದರೆ ದೊಡ್ಡ ಗ್ರಂಥಾಲಯದಲ್ಲಿ ಕೂತು ನಿಮಗೆ ಬೇಕಾದ ನಮೂದುಗಳನ್ನು ನಕಲು ಮಾಡಿಕೊಳ್ಳಿ. ಕೇಂಬ್ರಿಜ್‌ನ ಸ್ಕಾಟ್ ಪೋಲಾರ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಗಳ ಕ್ಯಾಟಲಾಗನ್ನು ಮನೆಯಲ್ಲೇ ಕೂತು ನೋಡಬಹುದು. ಹರಾಜು ಮನೆಗಳ ಹಳೆಯ ಕ್ಯಾಟಲಾಗ್‌ಗಳಲ್ಲಿ ಒಂದೇ ಪುಸ್ತಕದ ಹಲವು ಪ್ರತಿಗಳ ವಿವರಣೆ ಸಿಗುತ್ತದೆ. ಅವನ್ನು ಪಕ್ಕಪಕ್ಕ ಇಟ್ಟು ಓದಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆಯದೆ ಬಿಟ್ಟಿದ್ದರೆ, ಆ ಬಿಟ್ಟ ವಿಷಯವನ್ನೇ ಮೊದಲು ವಿಚಾರಿಸಬೇಕು.

## ಹಂತ 4: ಮುದ್ರಣ ಗುರುತಿಸಿ

ಶೀರ್ಷಿಕೆ ಪುಟದ ಇಸವಿ ಸಾಲದು. ಆ ಪುಟವನ್ನು ತಿರುಗಿಸಿ ಹಿಂಬದಿ ಓದಿ. ಸ್ಕಾಟ್‌ನ ದಿನಚರಿ ಇರುವ 'ಸ್ಕಾಟ್ಸ್ ಲಾಸ್ಟ್ ಎಕ್ಸ್‌ಪೆಡಿಷನ್' 1913ರಲ್ಲಿ ಲಂಡನ್ನಿನ ಸ್ಮಿತ್ ಎಲ್ಡರ್ ಕಂಪನಿಯಿಂದ ಎರಡು ಸಂಪುಟಗಳಲ್ಲಿ ಬಂತು. ಅದೇ ವರ್ಷ ಮತ್ತೆ ಮತ್ತೆ ಅಚ್ಚಾಯಿತು. ಹಾಗಾಗಿ "1913" ಎಂದಿರುವ ಪ್ರತಿ ಎರಡನೆಯದೋ ನಾಲ್ಕನೆಯದೋ ಆಗಿರಬಹುದು. ಶಾಕಲ್ಟನ್ ತನ್ನ ಎಂಡ್ಯೂರೆನ್ಸ್ ಯಾನದ ಬಗ್ಗೆ ಬರೆದ 'ಸೌತ್' ಮೊದಲು ಬಂದದ್ದು 1919ರ ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲೇ ಮರುಮುದ್ರಣ ಬಂತು. ಈ ಎರಡರ ಬೆಲೆಯಲ್ಲಿ ಭಾರಿ ಅಂತರ ಇದೆ.

ದೇಶವನ್ನೂ ನೋಡಿ. 'ಸೌತ್' ಅನ್ನು ಬ್ರಿಟನ್‌ನಲ್ಲಿ ಹೈನ್‌ಮನ್ ಕಂಪನಿ 1919ರಲ್ಲಿ, ಅಮೆರಿಕದಲ್ಲಿ ಮ್ಯಾಕ್‌ಮಿಲನ್ ಕಂಪನಿ 1920ರಲ್ಲಿ ತಂದಿತು. "ಮೊದಲ ಅಮೆರಿಕನ್ ಮುದ್ರಣ" ಎನ್ನುವುದು ಸುಳ್ಳಲ್ಲ. ಆದರೆ "ಅಮೆರಿಕನ್" ಎಂಬ ಪದವನ್ನು ಸಣ್ಣಕ್ಷರಕ್ಕೆ ಇಳಿಸಿ ಮಾರುವವರಿದ್ದಾರೆ. ಅಮುಂಡ್ಸೆನ್ ವಿಷಯದಲ್ಲಿ ಇನ್ನೊಂದು ಸುತ್ತು ಜಾಸ್ತಿ. ಮೂಲ ನಾರ್ವೇಜಿಯನ್ ಪುಸ್ತಕ 'ಸೀಡ್‌ಪೋಲನ್' ಬಂದದ್ದು 1912ರಲ್ಲಿ. ಜಾನ್ ಮರ್ರೆ ಪ್ರಕಟಿಸಿದ ಇಂಗ್ಲಿಷ್ ಅನುವಾದ ಬಂದದ್ದೂ ಅದೇ ವರ್ಷ. ಯಾವುದು ನಿಮಗೆ "ಮೊದಲನೆಯದು" ಎಂದು ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಿ.

ಎರಡು ಸಂಪುಟಗಳ ಸೆಟ್ ಕೈಗೆ ಬಂದರೆ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಹಾಳಾದ ಒಂದನೇ ಸಂಪುಟವನ್ನು ತೆಗೆದು ಬೇರೆ ಸೆಟ್ಟಿನದನ್ನು ಸೇರಿಸುವುದು ಹಳೆಯ ಚಾಳಿ. ಎರಡರ ಎತ್ತರ ಅಳೆಯಿರಿ. ಬೆನ್ನಿನ ಬಟ್ಟೆ ಒಂದೇ ಥರ ಮಾಸಿದೆಯೇ ನೋಡಿ. ಒಳಗೆ ಹಿಂದಿನ ಒಡೆಯರ ಹೆಸರು ಎರಡರಲ್ಲೂ ಇದೆಯೇ ನೋಡಿ.

## ಹಂತ 5: ಹಾಳೆ, ಚಿತ್ರ, ನಕ್ಷೆ ಎಣಿಸಿ

ಈ ಇಡೀ ಕೆಲಸದಲ್ಲಿ ಒಂದೇ ಹಂತಕ್ಕೆ ಸಮಯ ಇದೆ ಎಂದಾದರೆ ಇದನ್ನು ಮಾಡಿ. ಧ್ರುವಯಾನದ ಪುಸ್ತಕಗಳಿಗೆ ಇರುವಷ್ಟು ಮಡಚಿದ ನಕ್ಷೆ, ಉದ್ದನೆಯ ದೃಶ್ಯಚಿತ್ರ, ಜೇಬಿನಲ್ಲಿಟ್ಟ ಹಾಳೆಗಳು ಬೇರೆ ಹಳೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಓದುವವರು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು, ಗೋಡೆಗೆ ಹಾಕಿದರು, ಮತ್ತೆ ಜೇಬಿಗೆ ಸೇರಿಸಲಿಲ್ಲ. ಕೆಲವು ವ್ಯಾಪಾರಿಗಳು ನಕ್ಷೆಯನ್ನು ಬಿಡಿಯಾಗಿ ಮಾರಿದರು. ಹೀಗಾಗಿ ಮೊದಲು ಕಾಣೆಯಾಗುವುದು ನಕ್ಷೆಯೇ.

ಮಾಡುವ ಕ್ರಮ ಹೀಗೆ:

1. ಹಿಂದಿನ ರಟ್ಟಿನ ಒಳಬದಿ ತೆರೆಯಿರಿ. ಜೇಬು ಇದೆಯೇ? ಇದ್ದರೆ ಒಳಗೆ ಎಷ್ಟು ಹಾಳೆ? ಶಾಕಲ್ಟನ್‌ನ 1909ರ 'ದಿ ಹಾರ್ಟ್ ಆಫ್ ದಿ ಅಂಟಾರ್ಕ್ಟಿಕ್', ಮಾಸನ್‌ನ 1915ರ 'ದಿ ಹೋಮ್ ಆಫ್ ದಿ ಬ್ಲಿಜರ್ಡ್', ಎರಡರಲ್ಲೂ ಇಂಥ ಜೇಬಿದೆ. ಜೇಬು ಖಾಲಿ ಇದ್ದರೆ ಅದು ಅಪೂರ್ಣ ಪ್ರತಿ.
2. ಪುಸ್ತಕದ ಆರಂಭದಲ್ಲಿರುವ ಚಿತ್ರಗಳ ಪಟ್ಟಿಗೆ ಹೋಗಿ. ಪ್ರತಿ ಚಿತ್ರವನ್ನೂ ಹುಡುಕಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. "ಎಲ್ಲ ಇರಬಹುದು" ಎಂದು ಹಾರಿಸಿ ಹೋಗಬೇಡಿ.
3. ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ಅಚ್ಚಿನ ಮನೆಯವರೇ ತಪ್ಪು ಮಾಡಿರುತ್ತಾರೆ. ಗ್ರಂಥಸೂಚಿಯ ಜೊತೆ ಹೋಲಿಸಿ.
4. ಪುಟಸಂಖ್ಯೆಗಳನ್ನು ಒಂದೊಂದಾಗಿ ನೋಡಿ. ಶೀರ್ಷಿಕೆಗೆ ಮೊದಲು ಬರುವ ಅರ್ಧಶೀರ್ಷಿಕೆ ಹಾಳೆ, ಕೊನೆಯ ಜಾಹೀರಾತು ಹಾಳೆ, ತಿದ್ದುಪಡಿ ಚೀಟಿ ಇವು ಸುಲಭವಾಗಿ ಉದುರಿ ಹೋಗುತ್ತವೆ.
5. ಮಡಚಿದ ನಕ್ಷೆಯನ್ನು ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮಡಿಕೆಗಳು ಸೇರುವ ಜಾಗದಲ್ಲಿ ತೂತು, ಹಿಂದೆ ಅಂಟಿಸಿದ ಪಟ್ಟಿ ಕಾಣುತ್ತದೆ.

ಚೆರ್ರಿ ಗ್ಯಾರಾರ್ಡ್ ಬರೆದ 1922ರ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್' ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಸಂಪುಟ, ಒಳಗೆ ಮಡಚಿದ ದೃಶ್ಯಚಿತ್ರಗಳು, ಬೆನ್ನಿನ ಮೇಲೆ ಕಾಗದದ ಲೇಬಲ್. ಲೇಬಲ್ ಬೇಗ ಹಾಳಾಗುತ್ತದೆ ಎಂದು ಪ್ರಕಾಶಕರು ಕೊನೆಯಲ್ಲಿ ಹೆಚ್ಚುವರಿ ಲೇಬಲ್ ಅಂಟಿಸಿ ಕೊಟ್ಟಿದ್ದರು. ಬೆನ್ನಿನ ಲೇಬಲ್ ಹೊಳೆಯುವಷ್ಟು ಹೊಸದಾಗಿದ್ದು ಕೊನೆಯದು ಮಾಯವಾಗಿದ್ದರೆ ಏನಾಗಿದೆ ಎಂದು ನೀವೇ ಊಹಿಸಬಹುದು. ಅದು ಮೋಸವಲ್ಲ. ಆದರೆ ವಿವರಣೆಯಲ್ಲಿ ಹೇಳಿರಬೇಕು.

## ಹಂತ 6: ಸ್ಥಿತಿ ನೋಡಿ, ದುರಸ್ತಿ ಹುಡುಕಿ

ಯಾವ ದೋಷ ಸಹಜ, ಯಾವುದು ಅಲ್ಲ ಎಂದು ತಿಳಿದಿರಬೇಕು. 'ಸೌತ್' ಯುದ್ಧ ಮುಗಿದ ಹೊಸತರಲ್ಲಿ ಕಳಪೆ ಕಾಗದದ ಮೇಲೆ ಅಚ್ಚಾದ ಪುಸ್ತಕ. ಅದರ ಹಾಳೆ ಕಂದಾಗಿರುವುದೇ ಸಹಜ. ಹಾಳೆ ಬೆಳ್ಳಗಿದ್ದರೆ ತೊಳೆದಿದ್ದಾರೋ, ಮರುಮುದ್ರಣವೋ ಎಂದು ಅನುಮಾನ ಬರಬೇಕು. ರಟ್ಟಿನ ಮೇಲಿನ ಬೆಳ್ಳಿ ಬಣ್ಣದ ಹಡಗಿನ ಚಿತ್ರ ಮಂಕಾಗುವುದೂ ಮಾಮೂಲು. ಅದು ಥಳಥಳ ಹೊಳೆಯುತ್ತಿದ್ದರೆ ಭೂತಗನ್ನಡಿ ಹಿಡಿದು ಅಂಚು ನೋಡಿ. ಮೇಲೆ ಬಣ್ಣ ಬಳಿದಿದ್ದರೆ ಅಚ್ಚಿನ ಗುಳಿಯಿಂದ ಆಚೆ ಬಣ್ಣ ಚೆಲ್ಲಿರುತ್ತದೆ.

ಕ್ಯಾಟಲಾಗ್‌ನ ಭಾಷೆಯಲ್ಲಿ ಕೆಲವು ಪದಗಳು ಎಚ್ಚರಿಕೆ ಗಂಟೆ. "ರಿಬ್ಯಾಕ್ಡ್" ಎಂದರೆ ಬೆನ್ನು ಹೊಸದು. "ಎಕ್ಸ್ ಲೈಬ್ರರಿ" ಎಂದರೆ ಗ್ರಂಥಾಲಯದ ಮೊಹರು, ಚೀಟಿ ಗುರುತು ಇರುತ್ತದೆ. ಅದು ಅಧಿಕೃತವಾಗಿ ಮಾರಿದ್ದೋ ಕದ್ದದ್ದೋ ಎಂದು ಕೇಳಿ. "ಫ್ಯಾಸಿಮಿಲಿ ಜಾಕೆಟ್" ಎಂದರೆ ಹೊರಹೊದಿಕೆ ನಕಲು. "ವಿತ್ ಆಲ್ ಫಾಲ್ಟ್ಸ್" ಎಂದರೆ ದೋಷ ಏನೇ ಸಿಕ್ಕರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಈ ಕೊನೆಯದನ್ನು ಕಂಡರೆ, ಖುದ್ದಾಗಿ ನೋಡದೆ ಕೊಳ್ಳಬೇಡಿ.

ಮೂಸಿಯೂ ನೋಡಿ. ಬೂಷ್ಟಿನ ವಾಸನೆ ಇದ್ದರೆ ಆ ಪುಸ್ತಕ ನಿಮ್ಮ ಉಳಿದ ಪುಸ್ತಕಗಳಿಗೂ ಅದನ್ನು ಹಂಚುತ್ತದೆ.

## ಹಂತ 7: ಮಾರುವವರನ್ನು ಪ್ರಶ್ನಿಸಿ, ಆಮೇಲೆ ಹಣ ಕೊಡಿ

ಬರಹದಲ್ಲೇ ಕೇಳಿ: ಯಾವ ಮುದ್ರಣ, ನಕ್ಷೆ ಎಷ್ಟು, ದುರಸ್ತಿ ಏನು, ಮೊದಲು ಯಾರ ಬಳಿ ಇತ್ತು, ವಿವರಣೆ ತಪ್ಪಾದರೆ ಹಣ ವಾಪಸ್ ಕೊಡುತ್ತೀರಾ. ಹಳೆಯ ಪುಸ್ತಕ ವ್ಯಾಪಾರಿಗಳ ಅಂತರರಾಷ್ಟ್ರೀಯ ಒಕ್ಕೂಟ ಇಲಾಬ್. ಅದರ ಸದಸ್ಯರು ನೀತಿಸಂಹಿತೆಗೆ ಬದ್ಧರು. ಸದಸ್ಯರಲ್ಲದವರೆಲ್ಲ ಕೆಟ್ಟವರು ಎಂದಲ್ಲ. ಆದರೆ ಸರಳ ಪ್ರಶ್ನೆಗೆ ಉತ್ತರ ಕೊಡದೆ "ಬೇರೆಯವರೂ ಕೇಳ್ತಿದ್ದಾರೆ, ಬೇಗ ಹೇಳಿ" ಎನ್ನುವವರಿಂದ ದೂರ ಇರಿ.

ಹರಾಜಿನಲ್ಲಿ ಬೇರೆ ಲೆಕ್ಕ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಖರೀದಿದಾರರ ಶುಲ್ಕ ಸೇರುತ್ತದೆ. ಹಲವು ಕಡೆ ಅದು ಬೆಲೆಯ ಕಾಲು ಭಾಗದಷ್ಟು ಇರುತ್ತದೆ. ಅದರ ಮೇಲೆ ತೆರಿಗೆ, ಸಾಗಣೆ, ವಿಮೆ. ಇವೆಲ್ಲ ಕಳೆದು ನಿಮ್ಮ ಗರಿಷ್ಠ ಬೆಲೆ ಎಷ್ಟು ಎಂದು ಹಿಂದಿನ ದಿನವೇ ಬರೆದಿಡಿ. ಸ್ಥಿತಿಯ ವರದಿಯನ್ನು ಹರಾಜಿಗೆ ಮೊದಲು ಕೇಳಿ ತರಿಸಿಕೊಳ್ಳಿ. ಗಡಿ ದಾಟುವ ವಸ್ತುವಾದರೆ ರಫ್ತು ನಿಯಮವನ್ನೂ ವಿಚಾರಿಸಿ. ಬ್ರಿಟನ್ನಿನಿಂದ 50 ವರ್ಷ ದಾಟಿದ ಪತ್ರ, ಹಸ್ತಪ್ರತಿ ಹೊರಗೆ ಒಯ್ಯಲು ಪರವಾನಗಿ ಬೇಕಾಗಬಹುದು.

## ಹಂತ 8: ಸಹಿ ಇದ್ದರೆ ಕ್ಯಾಲೆಂಡರ್ ತೆಗೆಯಿರಿ

ಅಕ್ಷರದ ಸೊಗಸು ನೋಡುವ ಮೊದಲು ತಾರೀಖು ನೋಡಿ. ಸ್ಕಾಟ್ ತೀರಿಕೊಂಡದ್ದು 1912ರ ಮಾರ್ಚ್‌ನಲ್ಲಿ. ಅವನ ಕೊನೆಯ ಯಾನದ ಪುಸ್ತಕ ಬಂದದ್ದು 1913ರಲ್ಲಿ. ಆ ಪುಸ್ತಕದ ಹಾಳೆಯ ಮೇಲೆ ಸ್ಕಾಟ್ ಸಹಿ ಮಾಡಿರಲು ಸಾಧ್ಯವೇ ಇಲ್ಲ. ಹೆಚ್ಚೆಂದರೆ ಹಳೆಯ ಪತ್ರದಿಂದ ಕತ್ತರಿಸಿ ಅಂಟಿಸಿರಬಹುದು. ಅವನ ಜೊತೆಗೇ ತೀರಿಕೊಂಡ ವಿಲ್ಸನ್ ಮತ್ತು ಬವರ್ಸ್ ಹೆಸರಿಗೂ ಇದೇ ಮಾತು. ಶಾಕಲ್ಟನ್ 1922ರ ಜನವರಿ 5ರಂದು ದಕ್ಷಿಣ ಜಾರ್ಜಿಯಾದಲ್ಲಿ ತೀರಿಕೊಂಡ. ಅಮುಂಡ್ಸೆನ್ 1928ರ ಜೂನ್‌ನಲ್ಲಿ ಕಾಣೆಯಾದ. ಒಕ್ಕಣೆಯಲ್ಲಿ ಇದಕ್ಕಿಂತ ಈಚಿನ ತಾರೀಖು ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಯಾನದ ಮಧ್ಯೆ, ಮಂಜಿನಲ್ಲಿ ಸಿಕ್ಕಿಕೊಂಡಿದ್ದ ತಿಂಗಳುಗಳಲ್ಲಿ "ಲಂಡನ್" ಎಂದು ಬರೆದು ಸಹಿ ಹಾಕಿದ್ದರೂ ಅಷ್ಟೇ.

ಮುಂದೆ ಶಾಯಿ. ಬಾಲ್‌ಪಾಯಿಂಟ್ ಪೆನ್ ಮಾರುಕಟ್ಟೆಗೆ ಬಂದದ್ದು 1940ರ ದಶಕದಲ್ಲಿ. ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಯ ಮಧ್ಯೆ ಉರುಳೆಯ ಜಾಡು ಕಂಡರೆ ಆಟ ಮುಗಿಯಿತು. ಶಾಯಿ ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಅಚ್ಚಾದ ಸಹಿ. ಹಳೆಯ ಕಾಗದದ ಮೇಲೆ ಹೊಸದಾಗಿ ಬರೆದರೆ ಶಾಯಿ ನಾರಿನ ಉದ್ದಕ್ಕೂ ಹರಡುವುದುಂಟು. ಕೊನೆಗೆ ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಾಕಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರಿಂದ ಈಚೆಗೆ. 1910ರ ಪತ್ರ ಎಂದವರ ಕಾಗದ ನೀಲಿ ಬಿಳುಪಾಗಿ ಮಿನುಗಿದರೆ ಆ ಮಾತು ಸುಳ್ಳು. ಹೊಳೆಯದಿದ್ದರೆ ಅಸಲಿ ಎಂದೇನೂ ಅಲ್ಲ. ಹಳೆಯ ಪುಸ್ತಕದ ಖಾಲಿ ಹಾಳೆ ಹರಿದು ಬಳಸುವ ನಕಲುಗಾರರಿದ್ದಾರೆ.

"ಅಸಲಿತನದ ಪ್ರಮಾಣಪತ್ರ" ಕಂಡು ಸಮಾಧಾನ ಪಟ್ಟುಕೊಳ್ಳಬೇಡಿ. ಮುದ್ರಿಸುವುದು ಯಾರಿಗೂ ಕಷ್ಟವಲ್ಲ. ಬೇಕಾದದ್ದು ಕೈಬದಲಿನ ದಾಖಲೆ: ಯಾರಿಂದ ಯಾರಿಗೆ, ಯಾವಾಗ, ಯಾವ ರಸೀದಿ ಅಥವಾ ಹರಾಜಿನ ಮೂಲಕ ಬಂತು ಎಂಬುದು.

## ಹಂತ 9: ಪದಕ, ಅಂಚೆಚೀಟಿ, ಫೋಟೋ, ವಸ್ತುಗಳು

ಬ್ರಿಟನ್ನಿನ ಪೋಲಾರ್ ಮೆಡಲ್ 1904ರಲ್ಲಿ ಶುರುವಾಯಿತು. ಎಂಟು ಮೂಲೆ, ಬಿಳಿ ರಿಬ್ಬನ್, ಅಂಚಿನಲ್ಲಿ ಪಡೆದವರ ಹೆಸರು. ಹೆಸರು ಅಳಿಸಿ ಮತ್ತೆ ಕೆತ್ತಿದ್ದರೆ ಆ ಜಾಗ ಸ್ವಲ್ಪ ತೆಳುವಾಗಿರುತ್ತದೆ, ಅಳತೆಯಲ್ಲಿ ಸಿಕ್ಕಿಬೀಳುತ್ತದೆ. 1818ರಿಂದ 1855ರವರೆಗಿನ ಯಾನಗಳಿಗೆ ಕೊಟ್ಟ ಆರ್ಕ್ಟಿಕ್ ಮೆಡಲ್ ಮಾತ್ರ ಹೆಸರಿಲ್ಲದೆ ಕೊಟ್ಟದ್ದು. ಅದರಲ್ಲಿ ಹೆಸರು ಇಲ್ಲದಿರುವುದು ದೋಷವಲ್ಲ. ಪಡೆದವರ ಪಟ್ಟಿಯನ್ನು ತಪ್ಪದೆ ನೋಡಿ. ಎಂಡ್ಯೂರೆನ್ಸ್ ಯಾನದ ಬಡಗಿ ಮೆಕ್‌ನಿಶ್ ಮತ್ತು ವಿನ್ಸೆಂಟ್, ಹೋಲ್‌ನೆಸ್, ಸ್ಟೀಫನ್‌ಸನ್ ಈ ನಾಲ್ವರಿಗೆ ಪದಕ ಕೊಡಲೇ ಇಲ್ಲ. ಇವರ ಹೆಸರಿನ ಎಂಡ್ಯೂರೆನ್ಸ್ ಪದಕ ಯಾರಾದರೂ ತೋರಿಸಿದರೆ ನಕ್ಕು ವಾಪಸ್ ಕೊಡಿ.

1908ರಲ್ಲಿ ಶಾಕಲ್ಟನ್‌ನ ನಿಮ್ರಾಡ್ ಯಾನಕ್ಕೆ ನ್ಯೂಜಿಲೆಂಡಿನ ಒಂದು ಪೆನ್ನಿ ಅಂಚೆಚೀಟಿಯ ಮೇಲೆ "ಕಿಂಗ್ ಎಡ್ವರ್ಡ್ 7 ಲ್ಯಾಂಡ್" ಎಂದು ಅಚ್ಚೊತ್ತಿ ಕೊಟ್ಟಿದ್ದರು. ಟೆರಾ ನೋವಾಕ್ಕೆ "ವಿಕ್ಟೋರಿಯಾ ಲ್ಯಾಂಡ್" ಎಂದು. ಮೂಲ ಚೀಟಿ ಸುಲಭವಾಗಿ ಸಿಗುತ್ತದೆ, ಮೇಲಿನ ಅಕ್ಷರ ಹೊಸದಾಗಿ ಒತ್ತುವುದು ಕಷ್ಟವಲ್ಲ. ಹೀಗಾಗಿ ನಕಲಿ ಜಾಸ್ತಿ. ಅಂಚೆಚೀಟಿ ತಜ್ಞರ ಸಮಿತಿಯ ಪರೀಕ್ಷೆಯಿಲ್ಲದೆ ಕೊಳ್ಳಬೇಡಿ.

ಯಾನಗಳಲ್ಲಿದ್ದ ಛಾಯಾಗ್ರಾಹಕರಾದ ಪಾಂಟಿಂಗ್, ಹರ್ಲೆ ತೆಗೆದ ಫೋಟೋಗಳು ಎಂದು ಬರುವುದರಲ್ಲಿ ಪುಸ್ತಕದಿಂದ ಕತ್ತರಿಸಿದ ಹಾಳೆಗಳೇ ಹೆಚ್ಚು. ಭೂತಗನ್ನಡಿಯಲ್ಲಿ ಸಾಲು ಸಾಲು ಚುಕ್ಕಿ ಕಂಡರೆ ಅದು ಅಚ್ಚು, ಫೋಟೋ ಅಲ್ಲ. ನಿಜವಾದ ಫೋಟೋ ಆಗಿದ್ದರೂ ಆ ಕಾಲದಲ್ಲೇ ಮಾಡಿದ ಪ್ರತಿಯೋ, ಹಳೆಯ ನೆಗೆಟಿವ್‌ನಿಂದ ಈಚೆಗೆ ಮಾಡಿದ್ದೋ ಎಂಬುದು ಬೇರೆ ಪ್ರಶ್ನೆ.

ಇನ್ನು ಮುಟ್ಟಲೇಬಾರದ ವಸ್ತುಗಳು. ಅಂಟಾರ್ಕ್ಟಿಕಾದ ಕೇಪ್ ರಾಯ್ಡ್ಸ್, ಕೇಪ್ ಇವಾನ್ಸ್‌ಗಳಲ್ಲಿರುವ ಶಾಕಲ್ಟನ್, ಸ್ಕಾಟ್ ಯಾನಗಳ ಗುಡಿಸಲುಗಳಿಂದ ಡಬ್ಬಿ, ಮೊಳೆ, ಬಿಸ್ಕತ್ತು ಏನನ್ನೂ ತೆಗೆಯುವಂತಿಲ್ಲ. ಅಂಟಾರ್ಕ್ಟಿಕಾದ ರಕ್ಷಣೆಗೆಂದು ಆದ 1991ರ ಮ್ಯಾಡ್ರಿಡ್ ಒಪ್ಪಂದದ ಅನುಬಂಧ ಅದನ್ನು ನಿಷೇಧಿಸುತ್ತದೆ. ಫ್ರಾಂಕ್ಲಿನ್‌ನ ಮುಳುಗಿದ ಹಡಗುಗಳಲ್ಲಿ ಎರೆಬಸ್ 2014ರಲ್ಲಿ, ಟೆರರ್ 2016ರಲ್ಲಿ ಕೆನಡಾದ ನೀರಿನಲ್ಲಿ ಸಿಕ್ಕವು. ಅವುಗಳ ಅವಶೇಷ ಎಂದು ಮಾರಾಟಕ್ಕೆ ಬಂದದ್ದು ಒಂದೋ ಸುಳ್ಳು, ಇಲ್ಲವೇ ಕದ್ದದ್ದು. ತಿಮಿಂಗಿಲದ ಹಲ್ಲು, ನಾರ್‌ವಾಲ್ ಕೊಂಬು, ಹಿಮಕರಡಿಯ ಚರ್ಮ ಇವಕ್ಕೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಮ ಅನ್ವಯಿಸುತ್ತದೆ. ಕಾಗದಪತ್ರ ಇಲ್ಲದಿದ್ದರೆ ಗಡಿಯಲ್ಲೇ ಜಪ್ತಿಯಾಗುತ್ತದೆ.

ಮಿತಿಸಂಖ್ಯೆಯ ಪುಸ್ತಕಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 1908ರಲ್ಲಿ ಶಾಕಲ್ಟನ್‌ನ ತಂಡ ಕೇಪ್ ರಾಯ್ಡ್ಸ್‌ನಲ್ಲೇ ಅಚ್ಚು ಹಾಕಿದ 'ಅರೋರಾ ಆಸ್ಟ್ರಾಲಿಸ್' ಸುಮಾರು 100 ಪ್ರತಿ ಮಾತ್ರ. ಸಾಮಾನಿನ ಪೆಟ್ಟಿಗೆಯ ಹಲಗೆಯೇ ಅದರ ರಟ್ಟು. ಹಲವು ಪ್ರತಿಗಳಲ್ಲಿ ಹಲಗೆಯ ಒಳಬದಿಯಲ್ಲಿ ಪೆಟ್ಟಿಗೆಯಲ್ಲಿದ್ದ ಪದಾರ್ಥದ ಹೆಸರಿನ ಅಕ್ಷರಗಳು ಉಳಿದಿರುತ್ತವೆ. ತಜ್ಞರು ಅಂಥ ಪ್ರತಿಗಳನ್ನು ಆ ಹೆಸರಿನಿಂದಲೇ ಗುರುತಿಸುತ್ತಾರೆ. ಹಾಗಾಗಿ ಎಲ್ಲೋ ಮೂಲೆಯಲ್ಲಿ ಒಂದು ಪ್ರತಿ "ಸಿಕ್ಕಿಬಿಟ್ಟಿತು" ಎಂದರೆ ಅದು ಮೂಲವನ್ನೇ ಹೋಲುವಂತೆ ಮುಂದೆ ಅಚ್ಚಾದ ಮರುಮುದ್ರಣ ಆಗಿರುವ ಸಾಧ್ಯತೆಯೇ ಹೆಚ್ಚು.

## ಹಂತ 10: ಮನೆಗೆ ಬಂದ ಮೇಲೆ

ಮೊದಲ ದಿನವೇ ಮತ್ತೊಮ್ಮೆ ಎಣಿಸಿ. ವಾಪಸ್ ಮಾಡುವ ಗಡುವು ಮುಗಿದ ಮೇಲೆ ನಕ್ಷೆ ಇಲ್ಲ ಎಂದು ಕಂಡುಕೊಂಡರೆ ಯಾರೂ ಕೇಳುವುದಿಲ್ಲ. ಸುತ್ತಿ ಬಂದ ಕಾಗದ, ರಸೀದಿ, ಮಾರಿದವರ ವಿವರಣೆ ಎಲ್ಲ ಎತ್ತಿಡಿ. ಮುಂದೆ ಮಾರುವ ದಿನ ನಿಮ್ಮ ವಸ್ತುವಿನ ಕೈಬದಲಿನ ದಾಖಲೆ ಅದೇ.

ಇಡುವ ಜಾಗ ತಂಪಾಗಿ, ತೇವಾಂಶ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, ಏರಿಳಿತ ಇರಬಾರದು. ಹೊರಗೋಡೆಗೆ ಒತ್ತಿ ಇಡಬೇಡಿ. ಬಿಸಿಲು ನೀಲಿ ಬಟ್ಟೆಯನ್ನು ಬೇಗ ಮಾಸಿಸುತ್ತದೆ. ಹೊರಹೊದಿಕೆಗೆ ಪಾಲಿಯೆಸ್ಟರ್ ಹಾಳೆ ಹಾಕಿ, ಪಿವಿಸಿ ಬೇಡ. ಹರಿದ ಕಡೆ ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಅದರ ಅಂಟು ಕಾಗದದೊಳಗೆ ಇಳಿದು ಹಳದಿಯಾಗುತ್ತದೆ, ತೆಗೆಯಲು ಸಂರಕ್ಷಕರಿಗೂ ಕಷ್ಟ. ಮಡಚಿದ ನಕ್ಷೆಯನ್ನು ಪದೇ ಪದೇ ಬಿಚ್ಚಬೇಡಿ. ಒಂದು ಸಲ ಬಿಚ್ಚಿ ಚೆನ್ನಾಗಿ ಫೋಟೋ ತೆಗೆದುಕೊಂಡರೆ ಆಮೇಲೆ ಆ ಫೋಟೋವನ್ನೇ ನೋಡಬಹುದು.

ಪುಸ್ತಕದೊಳಗೆ ಏನನ್ನೂ ಬರೆಯಬೇಡಿ. ಪ್ರತಿ ವಸ್ತುವಿಗೂ ಬೇರೆ ಕಾರ್ಡ್ ಮಾಡಿ. ಮುದ್ರಣ, ಪುಟ, ನಕ್ಷೆಗಳ ಎಣಿಕೆ, ದೋಷ, ಕೊಂಡ ತಾರೀಖು, ಯಾರಿಂದ ಎಂದು ಬರೆಯಿರಿ. ಫೋಟೋಗಳ ಒಂದು ಪ್ರತಿಯನ್ನು ಮನೆಯ ಹೊರಗೆ ಇಡಿ. ವಿಮೆ ಮಾಡಿಸುವಾಗ ಮನೆಯ ಮಾಮೂಲಿ ಪಾಲಿಸಿಯಲ್ಲಿ ಹಳೆಯ ಪುಸ್ತಕ ಸೇರುತ್ತದೆಯೇ ಎಂದು ಬರಹದಲ್ಲಿ ಕೇಳಿ. ಎಷ್ಟೋ ಪಾಲಿಸಿಗಳಲ್ಲಿ ಬೇರೆಯಾಗಿ ಪಟ್ಟಿ ಕೊಟ್ಟರೆ ಮಾತ್ರ ಸೇರಿಸುತ್ತಾರೆ.